ಬೀಗರ ಮನೆಯ ಊಟ

ಸಂಪಗಾಂವ
೧೭ ನವೆಂಬರ್ ೨೦೨೪

ನನ್ನ ಸ್ನೇಹಲ್,

ಜೈಭೀಮ್. ನಿನ್ನ ಅವ್ವನ ಆಶೀರ್ವಾದ. ನಾನು ಸುಖವಾಗಿ ಊರು ಮುಟ್ಟಿದೆ. ಫೋನು ಮಾಡಿದರೆ ನಿನ್ನ ಗಂಡ ಸುನೀಲ ಪಕ್ಕದಲ್ಲೇ ಕೂತಿರುತ್ತಾನೆ, ಅದಕ್ಕೇ ಈ ಪತ್ರ. ಮನೆಗೆ ಹಾಕದೆ ನೀನು ಕೆಲಸ ಮಾಡುವ ದವಾಖಾನೆಯ ವಿಳಾಸಕ್ಕೆ ಹಾಕಿದ್ದೇನೆ.

ಮೊದಲು ನಿನ್ನ ಮುಂಬಯಿಯನ್ನು ಹೊಗಳಿಬಿಡುತ್ತೇನೆ. ಎಂಥ ಊರು ತಾಯಿ ಅದು. ಒಂದೇ ಬೀದಿಯಲ್ಲಿ ಇರಾನಿಯವನ ಬನ್ ಮಸ್ಕಾ, ಎದುರಿಗೆ ಚೀನಾದ ನೂಡಲ್ಸು, ಮಗ್ಗುಲಲ್ಲಿ ಬಂಗಾಳಿಯವರ ಸಾಸಿವೆ ಮೀನು. ಆ ಕಡ್ಡಿಗಳಿಂದ ನೂಡಲ್ಸು ಎತ್ತಲು ಹೋಗಿ ನಾನು ಸೀರೆಯ ಮೇಲೆಲ್ಲ ಕೆಡವಿಕೊಂಡಾಗ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಯಾರೂ ನಮ್ಮನ್ನು ಯಾವ ಓಣಿಯವರು ಎಂದು ಕೇಳಲಿಲ್ಲ. ನಮ್ಮವ್ವ ಹೋಟೆಲಿನ ಹೊರಗೆ ನಿಂತು, ಗೋಡೆಯ ಸಂದಿಯಲ್ಲಿಟ್ಟ ಬೇರೆ ಕಪ್ಪು ತಾನೇ ತೊಳೆದುಕೊಂಡು ಚಹಾ ಕುಡಿದವಳು. ಅವಳ ಮಗಳಿಗೆ ಕೋಟು ತೊಟ್ಟವನೊಬ್ಬ ಕುರ್ಚಿ ಎಳೆದು ಕೊಟ್ಟ. ಆಗ ನನಗೆ ಅಳು ಬಂದಿತ್ತು. ಖಾರ ಹತ್ತಿತು ಎಂದು ನಿನಗೆ ಸುಳ್ಳು ಹೇಳಿದೆ.

ಆದರೆ ನಾನು ಬಂದದ್ದು ಹೋಟೆಲು ನೋಡಲಿಕ್ಕಲ್ಲ. ಮದುವೆಯಾಗಿ ಎರಡು ವರ್ಷವಾದರೂ ಬೀಗರು ಒಮ್ಮೆಯೂ ಮನೆಗೆ ಊಟಕ್ಕೆ ಕರೆದಿಲ್ಲ. ಬೀಗರ ಮನೆಯಲ್ಲಿ ಕೂತು ಉಂಡ ಮೇಲೆಯೇ ಸಂಬಂಧ ಕೂಡಿತು ಅನ್ನುವ ಜನ ನಾವು. ನೀನು ಮನೆ ರಿಪೇರಿ ನಡೆದಿದೆ ಎಂದು ನನ್ನನ್ನು ನಿನ್ನ ಗೆಳತಿ ಪೂನಮ್‌ಳ ರೂಮಿನಲ್ಲಿ ಇಳಿಸಿದೆ. ನಂಬಿದೆ. ನಿನ್ನ ಅತ್ತೆ ದೊಡ್ಡ ಹೋಟೆಲಿಗೆ ಕರೆಸಿ, ತಾವೇ ಎದ್ದು ನನಗೆ ಪನೀರು ಬಡಿಸಿದರು. ನಾನು ಒಯ್ದಿದ್ದ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿಯನ್ನು ಎರಡೂ ಕೈಯಿಂದ ಇಸಿದುಕೊಂಡರು. ಏಳುವಾಗ ಕುರ್ಚಿಯ ಕೆಳಗೇ ಬಿಟ್ಟು ಹೋದರು. ಮರೆತರೆಂದುಕೊಂಡು ನಾನು ಅದನ್ನು ಎತ್ತಿಕೊಂಡು ಕಾರಿನತನಕ ಓಡಿದೆ. ಅವರು ನನ್ನನ್ನು ನೋಡಲಿಲ್ಲ, ನಿನ್ನನ್ನು ನೋಡಿದರು. "ಇರ್ಲಿ ಬಿಡಬೇ ಯವ್ವಾ, ನಾವ ತಿನ್ನೂಣು" ಅಂದೆ ನೀನು.

ಆಗಲೂ ನನಗೆ ತಿಳಿಯಲಿಲ್ಲ. ತಿಳಿದದ್ದು ಕೊನೆಯ ದಿನ, ನಿಮ್ಮ ಮನೆಯ ಹತ್ತಿರದ ಉಡುಪಿ ಹೋಟೆಲಿನಲ್ಲಿ. ನೀನು ಕೈ ತೊಳೆಯಲು ಹೋದಾಗ ಗಲ್ಲಾದ ಮೇಲೆ ಕೂತವರು ನನ್ನ ಕನ್ನಡ ಕೇಳಿ ಖುಷಿಯಿಂದ ಹೇಳಿದರು: "ನಿಮ್ಮ ಮಗಳ ಊಟ ದಿನಾ ಇಲ್ಲೇ ಅಮ್ಮ. ಒಬ್ರೇ ಬರ್ತಾರೆ."

ಹೊರಗೆ ಬಂದು ಕೇಳಿದೆ. "ದೇವರ ಜಗಲಿ ಅಡಗಿಮನ್ಯಾಗ ಐತಬೇ. ಅದಕ್ಕ ನಾ ಒಳಗ ಹೋಗಂಗಿಲ್ಲ, ಅಷ್ಟ" ಅಂದೆ ನೀನು. ಸುನೀಲ ಎಲ್ಲಿ ಉಣ್ಣುತ್ತಾನೆ ಎಂದು ಕೇಳಿದೆ. "ಅಂವ ಮನ್ಯಾಗ ಉಣ್ತಾನ" ಅಂದೆ. ಅಷ್ಟರಲ್ಲಿ ಬಸ್ಸು ಬಂತು, ನೀನು ನನ್ನ ಚೀಲ ಎತ್ತಿ ಒಳಗಿಟ್ಟೆ.

ಇವತ್ತು ಚೈನೀಸ್, ನಿನ್ನೆ ಪಾರ್ಸಿ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಓಣಿಗೆಲ್ಲ ಡಂಗುರ ಸಾರಿದ್ದೆ. ನನ್ನ ಮಗಳು ಒಲೆಯ ಮುಖ ನೋಡುವುದಿಲ್ಲ ಎಂದು ಮೆರೆದಿದ್ದೆ.

ಬಂದುಬಿಡು ಎಂದು ಬರೆಯಲು ಕೂತೆ. ನೀನು ಬರುವುದಿಲ್ಲ, ಸುನೀಲನೆಂದರೆ ನಿನಗೆ ಜೀವ. ಅವನು ತಾಯಿಗೆ ಎದುರಾಡುವವನಲ್ಲ. ನಿನ್ನ ಅತ್ತೆ ಒಂದು ಕೆಟ್ಟ ಮಾತನ್ನೂ ಆಡುವುದಿಲ್ಲ, ಜಗಳ ತೆಗೆಯಲಿಕ್ಕೂ ಜಾಗವಿಲ್ಲ. ನನಗೆ ಏನೂ ತೋಚುವುದಿಲ್ಲ ಮಗಳೇ. ಆ ಹೋಟೆಲಿನ ಸಾರು ಬಹಳ ತೆಳ್ಳಗಿತ್ತು, ಮೊಸರು ಕೇಳಿ ಹಾಕಿಸಿಕೊ.

ನಿನ್ನ ಅವ್ವ,
ಸುಂದರವ್ವ

ತಾ.ಕ.: ನಿಮ್ಮಪ್ಪ ಬಾಗಿಲಲ್ಲೇ ನಿಲ್ಲಿಸಿ, "ಬೀಗರ ಮನ್ಯಾಗ ಏನ್ ಉಂಡಿ?" ಎಂದು ಕೇಳಿದರು. ಅಡುಗೆಮನೆಯಲ್ಲೇ ಕೂಡಿಸಿ ತುಪ್ಪ ಹಾಕಿ ಬಡಿಸಿದರು ಎಂದುಬಿಟ್ಟೆ. ಈಗ ಹೊಸ ಧೋತರ ತಂದು, ಬರುವ ತಿಂಗಳ ರೈಲಿಗೆ ತಿಕೀಟು ತೆಗೆಸಿದ್ದಾರೆ. ನಿನಗೆ ತಿಳಿಸದೆ ನೇರ ಮನೆಗೇ ಬಂದು, ಅಲ್ಲೇ ಕೂತು ಉಣ್ಣಬೇಕಂತೆ. ಎರಡು ವರ್ಷ ನಮ್ಮನ್ನು ನಂಬಿಸಿದೆಯಲ್ಲ, ಅಂಥದ್ದೇ ಒಂದು ಸುಳ್ಳನ್ನು ನನಗೂ ಬೇಗ ಹೇಳಿಕೊಡು.