ಎದೆಗೋಲು ಮಿಸುಕದ ಹೆಸರು

೨೧೮೭, ಫೆಬ್ರವರಿ ಮೂವತ್ತು

ಹಿಂದಿನ ಕಾಲದ ಹಿರಿಯರಿಗೆ,

ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ಕಲಿತದ್ದು ಊರ ಶಾಲೆಯ ನಾಲ್ಕನೇ ಇಯತ್ತೆ. ಕೆಲವು ಮಾತು ವಿಚಿತ್ರ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಡೊಮೈನ್ ಎನ್ನುತ್ತಿದ್ದ ಜಾಲದ ಹೆಸರುಗಳನ್ನು ನಾವು ಹೆಸರುಕಟ್ಟೆಯಲ್ಲಿ ವರ್ಷಕ್ಕೊಮ್ಮೆ ಬಾಡಿಗೆಗೆ ಹಿಡಿಯುತ್ತೇವೆ. ಅಲ್ಲಿ ಎದೆಗೋಲು ಎಂಬುದೊಂದಿದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಬೇಕಾದ ಹೆಸರು ಹೇಳಬೇಕು. ಎದೆ ಎಷ್ಟು ಬಡಿದುಕೊಂಡಿತೋ ಕೋಲು ಅಷ್ಟು ಮಿಸುಕುತ್ತದೆ, ಬೆಲೆಯೂ ಅಷ್ಟು. ಆಸೆಗೊಂದು ದರ, ಹೊಟ್ಟೆಕಿಚ್ಚಿಗೆ ಅದರ ದುಪ್ಪಟ್ಟು, ದುಃಖಕ್ಕೆ ಎಲ್ಲಕ್ಕಿಂತ ಹೆಚ್ಚು. ಅದಕ್ಕೇ ಬುದ್ಧಿವಂತರು ಮದುಮಗಳ ಹೆಸರು ಹಿಡಿಯಲು ಹುಡುಗನ ತಾಯಿಯನ್ನು ಕಳಿಸುತ್ತಾರೆ. ಸೊಸೆಯ ಹೆಸರು ಪುಕ್ಕಟೆ ಸಿಗುತ್ತದೆ.

ನನ್ನ ಮಗಳು ಶಿವಗಂಗೆ ಸೂಲಗಿತ್ತಿಯಾಗಿದ್ದಳು. ಬಾಣಂತಿಯರಿಗೆ ಹೇಳಿದ ಬುದ್ಧಿಮಾತುಗಳೆಲ್ಲ ಅವಳ ದನಿಯಲ್ಲೇ, ಅವಳ ಹೆಸರಿನ ತಾಣದಲ್ಲಿದ್ದವು. ಕೂಸು ಹಾಲು ಕುಡಿಯದಿದ್ದರೆ ತಾಯಂದಿರು ಮೊದಲು ಅಲ್ಲಿಗೇ ಬರುತ್ತಿದ್ದರು. ಹೋದ ವರ್ಷ ಮಗಳು ತೀರಿಕೊಂಡಳು. ಈ ಸಲ ಬಾಡಿಗೆ ಕಟ್ಟದಿದ್ದರೆ ದನಿಯೂ ಅಳಿಸಿಹೋಗುತ್ತಿತ್ತು. ಮೊಮ್ಮಗಳು ಇಂಚರ ಕೋಲು ಹಿಡಿದು ಅವ್ವನ ಹೆಸರು ಹೇಳಿದಳು. ಬೆಲೆ ನಮ್ಮ ಮನೆಯ ಬೆಲೆಯನ್ನೂ ಮೀರಿತು.

"ಪ್ರೀತಿ ಇದ್ದಲ್ಲಿ ರೊಕ್ಕ ಹೆಚ್ಚ ನೋಡ್ರಿ ಅಜ್ಜಿ," ಎಂದ ಕಟ್ಟೆಯ ದಲ್ಲಾಳಿ ವೃಷಭೇಂದ್ರ.

"ಹೌದಾ? ಹಂಗಾರ ನಿನ್ನ ಹೆಸರು ಹೇಳ್ತೀನಿ, ಕೋಲು ತಾ ಇಲ್ಲೆ."

ಹೇಳಿದೆ. ಕೋಲು ಮುಷ್ಟಿಯಲ್ಲಿ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು. ಸರದಿಯಲ್ಲಿದ್ದವರೆಲ್ಲ ನಕ್ಕರು.

ಆಗ ನನಗೆ ನನ್ನದೇ ಹೆಸರು ನೆನಪಾಯಿತು. ನನಗಿಂತ ಮುಂಚಿನ ಕೂಸುಗಳು ಉಳಿಯಲಿಲ್ಲವೆಂದು ನನ್ನವ್ವ ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪವ್ವ ಎಂದು ಕರೆದಳು, ಕಸದ ಹೆಸರಿನ ಕೂಸು ಸಾವಿಗೂ ಬೇಡವಾಗಲಿ ಎಂದು. ಎಂಬತ್ತು ದಾಟಿದೆ, ಇನ್ನೂ ಬೇಡವಾಗಿದ್ದೇನೆ.

ಕೋಲು ಬಿಗಿಯಾಗಿ ಹಿಡಿದು "ತಿಪ್ಪೆಗುಂಡಿ" ಎಂದೆ. ಅದು ಮಿಸುಕಲಿಲ್ಲ, ಹೆಸರು ಪುಕ್ಕಟೆ ಸಿಕ್ಕಿತು.

"ಥೂ, ಅವ್ವನ ದನಿ ತಿಪ್ಪ್ಯಾಗ ಇಡ್ತೀಯೇನಬೇ?" ಇಂಚರ ಅತ್ತಳು.

"ನಾ ಉಳಿದಿದ್ದೂ ಅಲ್ಲೇ. ಸುಮ್ನ ಸಾಗಸು."

ಮಗಳ ದನಿಯನ್ನೆಲ್ಲ ಆ ಹೆಸರಿನ ತಾಣಕ್ಕೆ ಸಾಗಿಸಿದೆವು. ಶಿವಗಂಗೆಯ ಹೆಸರು ಈಗ ತಲೆಗೆಣ್ಣೆ ಮಾರುವವನ ಪಾಲು. ಕಂಡಾಗಲೆಲ್ಲ ಕರುಳು ಉರಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ನಮ್ಮ ಸೀಮೆಯಲ್ಲಿ ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಮೇಲೆ ಬಾಣಂತಿಯ ಕಿವಿಗೂ ಬಾಗುತ್ತಾಳೆ: ತಿಪ್ಪೆಗುಂಡಿ.

ಹಿರಿಯರೇ, ಈ ಕೋಲಿನ ಬೀಜ ಬಿತ್ತಿದವರು ನೀವು. ನಿಮ್ಮಲ್ಲಿ ಒಬ್ಬರ ಕಣ್ಣಲ್ಲಿ ಆಸೆ ಕಂಡರೆ ಸಾಕು, ಇನ್ನೊಬ್ಬರು ಆ ಹೆಸರಿನ ಬೆಲೆ ಏರಿಸುತ್ತಿದ್ದರು. ಇನ್ನಾದರೂ ಪ್ರೀತಿಸಿದ್ದನ್ನು ದಲ್ಲಾಳಿಯ ಮುಂದೆ ಬೈದು ಅಗ್ಗಕ್ಕೆ ಕೊಳ್ಳಿ.

ಮೊನ್ನೆ ವೃಷಭೇಂದ್ರ ಬಂದಿದ್ದ. ತಿಪ್ಪೆಗುಂಡಿಗೆ ಜನ ಹೆಚ್ಚಾಗಿದ್ದಾರಂತೆ, ಮುಂದಿನ ವರ್ಷ ಬಾಡಿಗೆ ಕಟ್ಟಲು ಬಾಣಂತಿಯರ ಕೈಗೂ ಕೋಲು ಕೊಟ್ಟು ಎದೆಬಡಿತ ಅಳೆಯುತ್ತಾರಂತೆ. ಅಳೆಯಲಿ. ಕನ್ನಡದಲ್ಲಿ ಹೊಲಸು ಹೆಸರುಗಳಿಗೇನು ಬರವೇ?

ತಿಪ್ಪವ್ವ