ಇಬ್ಬರು ಪುಕ್ಕಲರು

ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿ ಮಾಡುವ ನಮಸ್ಕಾರ.

ಕಾಗದ ನೋಡಿದ ಕೂಡಲೇ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನೀನು ನನಗೆಂದು ನೋಡಿದ ಗಂಡು, ಆ ಔಷಧಿ ಅಂಗಡಿಯವರು, ಒಳ್ಳೆಯವರೇ. ಆದರೆ ನಾನು ಏನು ಹೇಳಿದರೂ “ಅದಕ್ಕೆಲ್ಲ ತಲೆ ಕೆಡಿಸ್ಕೋಬಾರದು” ಅನ್ನುತ್ತಾರೆ. ಕೆಟ್ಟ ತಲೆಯನ್ನು ಅವರೆದುರು ಬಚ್ಚಿಟ್ಟುಕೊಂಡು ಕೂತು ಕೂತು ನನಗೆ ಕತ್ತು ನೋವು ಬಂತು.

ನಮ್ಮ ಸೋಫಾ ಕಾರ್ಖಾನೆಯಲ್ಲಿ ದಿಂಬಿಗೆ ಹತ್ತಿ ತುಂಬುವವನ ವಿಷಯ ಹೇಳಿದ್ದೆನಲ್ಲ. ಒಂದು ಗಂಟು ಸಾಲದು ಅಂತ ಎರಡು ಹಾಕುತ್ತಾನೆ, ಅದಕ್ಕೇ ಎಲ್ಲರ ಬಾಯಲ್ಲೂ ಡಬಲ್‌ಗಂಟು. “ಅವನೂ ನಿನ್ನಂಗೇ ಪುಕ್ಕಲ. ಇಬ್ಬರೂ ಸೇರಿ ಅದೇನು ಸಂಸಾರ ಮಾಡ್ತೀರೇ?” ಅಂದೆ ನೀನು. ಆ ಮಾತು ನನ್ನನ್ನು ಬಹಳ ಕೊರೆಯಿತು.

ಒಂದು ಸಲ, ಹೊಲಿಗೆ ಬಿಚ್ಚಿಕೊಂಡೀತು ಅನ್ನುವ ಭಯಕ್ಕೆ, ಹತ್ತಿ ತುಂಬಲು ಜಾಗವನ್ನೇ ಬಿಡದೆ ದಿಂಬಿನ ಚೀಲದ ನಾಲ್ಕೂ ಬದಿ ಹೊಲಿದುಬಿಟ್ಟಿದ್ದೆ. ಬೇರೆ ಯಾರಾದರೂ ಮೇಸ್ತ್ರಿಗೆ ಹೇಳುತ್ತಿದ್ದರು. ಇವನು ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು, “ಇದು ಬಾಯೇ ಬಿಡ್ತಿಲ್ವಲ್ಲ, ತುತ್ತು ಎಲ್ಲಿಂದ ಇಡ್ಲಿ?” ಅಂದ. ಅಳಬೇಕೆಂದಿದ್ದವಳು ನಕ್ಕುಬಿಟ್ಟೆ.

ಅಂದಿನಿಂದ ನಮ್ಮದೊಂದು ಆಟ. ನಾನೊಂದು ಭಯ ಹೇಳಿದರೆ ಅವನು ಅದಕ್ಕಿಂತ ದೊಡ್ಡದು ಹೇಳಬೇಕು. ದಿಂಬಿನೊಳಗೆ ಸೂಜಿ ಉಳಿದಿದ್ದರೆ ಅಂದೆ. ಅದರ ಮೇಲೆ ಜಡ್ಜ್ ಸಾಹೇಬರೇ ಕೂತರೆ ಅಂದ. ಕೂತಲ್ಲೇ ತೀರ್ಪು ಬರೆದರೆ ಅಂದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಇಬ್ಬರೂ ಹೋಗಿ ಆ ದಿಂಬನ್ನು ತಡವಿ ನೋಡಿದೆವು, ಆ ಮಾತು ಬೇರೆ.

ಇವನನ್ನು ಪರೀಕ್ಷೆ ಮಾಡಲು ನೀನು ಕಳಿಸಿದ ಭಾವ ಕಾರ್ಖಾನೆಗೇ ಬಂದಿದ್ದರು. “ಇವಳು ಅತ್ತರೆ ಏನ್ ಮಾಡ್ತೀಯಪ್ಪಾ?” ಅಂದರು. ಇವನು ದಿಂಬೊಂದನ್ನು ಅವುಚಿಕೊಂಡೇ, “ನಾನೂ ಅಳ್ತೀನಿ ಸಾರ್. ಆಮೇಲೆ ಯಾರು ಚೆನ್ನಾಗಿ ಅತ್ತರು ಅಂತ ಜಗಳ ಆಡ್ತೀವಿ” ಅಂದ. ಭಾವ ನಕ್ಕ ನಗುವಿಗೆ ಮಷಿನುಗಳೆಲ್ಲ ನಿಂತವು. ನಿನಗೆ ಮಾತ್ರ “ನೋಡೋಣ” ಅಂದಿರುತ್ತಾರೆ.

ಔಷಧಿ ಅಂಗಡಿಗೆ ನಾನೇ ಹೋಗಿ ಬೇಡ ಅಂದು ಬಂದೆ. ನಾನೇ, ಅಕ್ಕ. ಎರಡು ಸಲ ಬಾಗಿಲಿಂದಲೇ ವಾಪಸು ಬಂದೆ, ಮೂರನೆಯ ಸಲ ಒಳಗೆ ಹೋಗಿ ಹೇಳಿಬಿಟ್ಟೆ. ಅಮ್ಮ ಹೋದ ಮೇಲೆ ನನಗೆ ನೀನೇ ಅಮ್ಮ. ನೀನೊಂದು ಹೂಂ ಅಂದರೆ ನಾನು ಗೆದ್ದೆ.

ನಿನ್ನ
ಪುಕ್ಕಲಿ

ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡದ್ದು: ನಿನ್ನೆ ರಿಜಿಸ್ಟರ್ ಆಫೀಸಿನಲ್ಲಿ ನಮ್ಮ ಮದುವೆ ಆಯಿತು. ಇನ್ನೂ ತಡಮಾಡಿದ್ದರೆ ಇಬ್ಬರೂ ಹೆದರಿ ಓಡಿಹೋಗುತ್ತಿದ್ದೆವು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಸಾಕ್ಷಿಗೆ ಸಹಿ ಹಾಕಿದ್ದು ಭಾವ. ಅವರನ್ನು ಏನೂ ಅನ್ನಬೇಡ, ಬೈಯುವುದಕ್ಕಾದರೂ ಭಾನುವಾರ ನಮ್ಮಲ್ಲಿಗೇ ಬಾ. ನಿನ್ನೆದುರು ಹೇಗೆ ನಿಲ್ಲುವುದು ಅಂತ ಇವನು ಈಗಿಂದಲೇ ಅಭ್ಯಾಸ ಮಾಡುತ್ತಿದ್ದಾನೆ. ಅಕ್ಕನ ಪಾರ್ಟು ನನ್ನದು. ಚೆನ್ನಾಗಿಯೇ ಬೈಯುತ್ತಿದ್ದೇನೆ.