ತುತ್ತೂರಿ ಸುಮ್ಮನಾದಳು

ಜನವರಿ ೬

ಡಿಎಂಎಸ್‌ಒ ಮತ್ತೆ ಗಡ್ಡೆ ಕಟ್ಟಿದೆ. ಚಳಿ ಸ್ವಲ್ಪ ಜಾಸ್ತಿಯಾದರೆ ಸಾಕು, ತುಪ್ಪದ ಹಾಗೆ ಹೆಪ್ಪುಗಟ್ಟುವ ದ್ರಾವಕ. ನೀರಿಗೆ ಜಗ್ಗದ ಔಷಧಿಯನ್ನೂ ಕರಗಿಸುತ್ತದೆ, ಅದಕ್ಕೇ ಇದರ ಹಟ ಸಹಿಸಬೇಕು. ಬಿಸಿನೀರಿನಲ್ಲಿಟ್ಟು ಕರಗಿಸಿ ಎಂದು ಲ್ಯಾಬಿನ ಗೋಡೆಯ ಮೇಲೆ ಬರೆದಿದೆ. ಯಾರಿಗಿದೆ ಪುರುಸೊತ್ತು... ಎಲ್ಲರ ಹಾಗೆ ನಾನೂ ಟ್ಯೂಬುಗಳನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತೇನೆ. ಕೋಳಿ ಕಾವು ಕೊಟ್ಟ ಹಾಗೆ.

ಇಂದಿನಿಂದ ಇಲಿಮರಿಗಳ ಪರೀಕ್ಷೆ. ಮರಿಯನ್ನು ಗೂಡಿನಿಂದ ಎತ್ತಿ ಪೆಟ್ಟಿಗೆಯ ಮೂಲೆಯಲ್ಲಿಡುವುದು. ಅದು ಕೂಗುತ್ತದೆ. ನಮ್ಮ ಕಿವಿಗೆ ನಿಲುಕದಷ್ಟು ಕೀಚಲು. ಅಂಗೈಯಗಲದ ಯಂತ್ರವೊಂದು ಆ ಕೂಗನ್ನು ಟಿಕ್ ಟಿಕ್ ಎಂದು ಕೇಳಿಸುತ್ತದೆ. ತಾಯಿ ಓಡಿಬಂದು ಕಚ್ಚಿಕೊಂಡು ಹೋಗುತ್ತದೆ. ಔಷಧಿ ಕೊಟ್ಟ ಮರಿ ಮಾತ್ರ ಕೂಗುವುದಿಲ್ಲ. ಮೈ ಬೆಚ್ಚಗೆ, ಉಸಿರು ಸರಿಯಾಗಿ, ಸುಮ್ಮನೆ ಬಿದ್ದಿರುತ್ತದೆ. ತಾಯಿ ಪಕ್ಕದಲ್ಲೇ ಹಾದುಹೋಗುತ್ತದೆ, ಹತ್ತಿಯ ಉಂಡೆ ಕಂಡಂತೆ.

ಸಂಜೆ ಬೀದಿ ತಿರುವಿಗೇ ಮಗಳ ಅಳು ಕೇಳಿಸಿತು. ಹಡಗಿನ ಕೆಲಸಕ್ಕೆ ಹೊರಡುವ ಮುನ್ನ ಅವಳಪ್ಪ ಇಟ್ಟುಹೋದ ಹೆಸರು: ತುತ್ತೂರಿ.

ಜನವರಿ ೯

ಎರಡು ಟ್ಯೂಬ್ ಮುಷ್ಟಿಯಲ್ಲಿದ್ದವು. ಒಂದರಲ್ಲಿ ಬರೀ ದ್ರಾವಕ, ಇನ್ನೊಂದರಲ್ಲಿ ಔಷಧಿ ಕರಗಿಸಿದ್ದು. ಯಾವುದೋ ಒಂದರ ಮುಚ್ಚಳ ಸಡಿಲ. ಅಂಗೈಯೆಲ್ಲ ಒದ್ದೆ. ತೆಳು ಗ್ಲೌಸ್... ಈ ದ್ರಾವಕಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೈ ತೊಳೆದು ಬರುವಷ್ಟರಲ್ಲಿ ಬಾಯಲ್ಲಿ ಬೆಳ್ಳುಳ್ಳಿ ರುಚಿ, ದ್ರಾವಕ ಮೈಯೊಳಗೆ ಇಳಿದ ಗುರುತು.

ಗೈಡ್ ಸರ್‌ಗೆ ಹೇಳಿದೆ. ನಕ್ಕರು.

"ಬಾಯಿ ಬೆಳ್ಳುಳ್ಳಿ ಆಗದೆ ಇಲ್ಲಿ ಯಾರಮ್ಮ ಡಾಕ್ಟರೇಟ್ ತಗೊಂಡಿದ್ದಾರೆ? ನಾಳೆಗೆ ಹೋಗುತ್ತೆ ಬಿಡು."

ರುಚಿ ಹೋಗುತ್ತದೆ. ಆದರೆ ಈ ದ್ರಾವಕ ಒಂಟಿಯಾಗಿ ಚರ್ಮ ದಾಟುವುದಿಲ್ಲ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಕರೆದೊಯ್ಯುತ್ತದೆ. ಎರಡೂ ಟ್ಯೂಬಿನ ಮೇಲಿನ ಮಾರ್ಕರ್ ಬರಹ ಅಳಿಸಿದೆ. ಚೆಲ್ಲಿದ್ದು ಬರೀ ದ್ರಾವಕವೇ ಇರಬೇಕು. ಇರಲಿ, ದೇವರೇ.

ಮನೆಯಲ್ಲಿ ಮಗಳಿಗೆ ಎದೆಹಾಲು ಕೊಡಲೋ ಬೇಡವೋ ಎಂದು ಕೂತೆ. ಬೀದಿಯೆಲ್ಲ ಒಂದಾಗುವಂತೆ ಅತ್ತಳು. ಕೊಟ್ಟೆ.

ಜನವರಿ ೧೦, ಬೆಳಿಗ್ಗೆ

ತುತ್ತೂರಿಯ ಉಸಿರಿನಲ್ಲಿ ಬೆಳ್ಳುಳ್ಳಿ.

ಜನವರಿ ೧೫

ಅತ್ತೆಗೆ ಖುಷಿಯೋ ಖುಷಿ. ಮಗುವಿಗೆ ಬುದ್ಧಿ ಬಂತಂತೆ, ರಗಳೆಯೇ ಇಲ್ಲವಂತೆ. ಹಸಿದರೂ ಅಳುವುದಿಲ್ಲ. ಒದ್ದೆಯಾದರೂ ಇಲ್ಲ. ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾಳೆ.

ಡಾಕ್ಟರ ಬಳಿ ಒಯ್ದೆ. ದ್ರಾವಕದ ವಿಷಯವನ್ನೂ ಹೇಳಿದೆ. ಇಷ್ಟು ಹೊತ್ತಿಗೆ ಅದೆಲ್ಲ ಮೈಯಿಂದ ಹೋಗಿರುತ್ತದೆ ಎಂದರು. ಗಂಟಲು, ಕಿವಿ, ಎದೆ ಎಲ್ಲ ಸರಿಯಾಗಿದೆ. ಹೇಗೂ ಬಂದಿದ್ದೀರಲ್ಲ ಎಂದು ಲಸಿಕೆ ಚುಚ್ಚಿದರು. ಬಾಯಿ ಅಗಲಿಸಿದಳು. ಮುಖ ಕೆಂಪಾಯಿತು. ಸದ್ದಿಲ್ಲ.

"ಅಳುತ್ತೆ ಅಂತ ಬರೋರೇ ಎಲ್ಲ. ಅಳಲ್ಲ ಅಂತ ಬಂದಿರೋರು ನೀವೊಬ್ಬರೇ."

ನಗಲಾಗಲಿಲ್ಲ. ಹೆದರಿಕೆಯಾಗುತ್ತಿದೆ.

ಜನವರಿ ೧೭, ಮಧ್ಯಾಹ್ನ

ಲ್ಯಾಬಿನಿಂದ ಆ ಟಿಕ್ ಟಿಕ್ ಯಂತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದೆ. ತೊಟ್ಟಿಲಿನ ಬಳಿ ಇಟ್ಟೆ. ಏನಿಲ್ಲ. ಕೀಚಲಿನ ಮಟ್ಟ ಏರಿಸುವ ಗುಂಡಿ ತಿರುಗಿಸುತ್ತ ಹೋದೆ, ಮರಿಗಳಿಗೆ ಇಡುವುದಕ್ಕಿಂತ ಮೇಲೆ, ಇನ್ನೂ ಮೇಲೆ, ಕೊನೆಯವರೆಗೆ...

ಟಿಕ್ ಟಿಕ್ ಟಿಕ್ ಟಿಕ್. ಬಿಡುವೇ ಇಲ್ಲ.

ಎತ್ತಿಕೊಂಡೆ. ನಿಂತಿತು. ಮಲಗಿಸಿದೆ. ಟಿಕ್ ಟಿಕ್ ಟಿಕ್.

ಅಳುತ್ತಿದ್ದಾಳೆ. ಇಷ್ಟು ದಿನವೂ ಅಳುತ್ತಲೇ ಇದ್ದಳು. ಹಾಗಾದರೆ ಆ ಮರಿಗಳೂ? ತಾಯಿಯ ಕಿವಿಗೂ ನಿಲುಕದಷ್ಟು ಮೇಲೆ?

ಅತ್ತೆಯನ್ನು ಕರೆದು ಕೇಳಿಸಿದೆ. ಅವರು ಯಂತ್ರ ನೋಡಲಿಲ್ಲ, ನನ್ನ ಮುಖ ನೋಡಿದರು.

"ನಿದ್ದೆ ಇಲ್ಲ ನಿಂಗೆ. ಹೋಗಿ ಸ್ವಲ್ಪ ಮಲಕ್ಕೋ."

ಜನವರಿ ೨೪

ಸರ್ ಯಂತ್ರ ಕೇಳಿದರು. ಕೊಟ್ಟೆ. ಕಾರಣ ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ಹೊಡೆದಾಗಲೆಲ್ಲ ಎದ್ದು ಹಾಲು ಕೊಡುವುದು.

"ಅಳದಿದ್ರೆ ತಾಯಿನೂ ಹಾಲು ಕೊಡಲ್ಲ ಅಂತಿದ್ರು ನಮ್ಮ ಕಾಲದಲ್ಲಿ," ಎಂದು ಅತ್ತೆ ನಕ್ಕರು. "ನಿಂದು ಅಲಾರಂ ಅತ್ರೆ ಹಾಲು."

ನಾನೂ ನಕ್ಕೆ. ನಿನ್ನೆ ಬಟ್ಟೆಯ ಬುಟ್ಟಿ ಹಿಡಿದು ತೊಟ್ಟಿಲಿನ ಪಕ್ಕದಲ್ಲೇ ಓಡಾಡಿದ್ದೇನೆ. ಅಲಾರಂ ಹೊಡೆಯುವವರೆಗೆ ಅದರಲ್ಲಿ ಯಾರೋ ಇದ್ದಾರೆ ಎಂಬುದೇ ನೆನಪಾಗಲಿಲ್ಲ. ಇದನ್ನು ಅತ್ತೆಗೆ ಹೇಳಿಲ್ಲ.

ಜನವರಿ ೨೯, ಸಂಜೆ

ರಜೆ. ಅತ್ತೆ ಬೆಳಿಗ್ಗೆಯೇ ನಾದಿನಿಯ ಮನೆಗೆ ಹೋದರು, ನಾಳೆ ಬರುತ್ತಾರೆ. ಮೊಬೈಲನ್ನು ನಿನ್ನೆ ಲ್ಯಾಬಿನಲ್ಲೇ ಬಿಟ್ಟುಬಂದಿದ್ದೇನೆ, ಹಾಳು ಮರೆವು. ಆದರೂ ಹಾಯಾಗಿದೆ. ನನ್ನದೇ ಅಂತ ಒಂದು ದಿನ ಸಿಕ್ಕಿ ಎಷ್ಟು ಕಾಲವಾಗಿತ್ತು. ಬಟ್ಟೆ ಒಗೆದೆ. ಕಪಾಟು ಜೋಡಿಸಿದೆ. ಊಟ ಮಾಡಿ ಗಡದ್ದಾಗಿ ನಿದ್ದೆ ಹೊಡೆದೆ. ಮನೆಯಲ್ಲಿ ಒಂದು ಸದ್ದಿಲ್ಲ.

ಎದೆ ಯಾಕೋ ಕಲ್ಲಾಗಿದೆ. ಮುಟ್ಟಿದರೆ ನೋವು. ಕುಪ್ಪಸದ ಮುಂದೆಲ್ಲ ಒದ್ದೆ. ಪಾತ್ರೆ ತೊಳೆಯುವಾಗ ನೀರು ಸಿಡಿದಿರಬೇಕು ಅಂದುಕೊಂಡೆ.

ನೀರಲ್ಲ, ಹಾಲು. ಬೆಳ್ಳುಳ್ಳಿ ವಾಸನೆ.

ಬೆಳಿಗ್ಗೆಯಿಂದ ನಾನು ತೊಟ್ಟಿಲ ಬಳಿಗೇ—